ಹೊಲಕ್ಕೆ ಹೋಗದ ಕಾಲುವೆ

ಪಲ್ಲವಿ, ವಿನು, ನಾನು ಇಂಗ್ಲೆಂಡಿನಿಂದ ಬಂದ ದಿನ ನೀವಿಬ್ಬರೂ ನನ್ನ ಚೀಲ ಬಗೆದು ಚಾಕಲೇಟು ತೆಗೆದುಕೊಂಡಿರಿ. ಆಮೇಲೆ ಮರ್ಯಾದೆಗೆ "ಅಜ್ಜಿ, ಹೆಂಗಿತ್ತು?" ಎಂದು ಕೇಳಿದಿರಿ. "ಥಂಡಿ ಇತ್ತು" ಎಂದು ಹೇಳಿ ನಾನು ಸುಮ್ಮನಾದೆ. ಅಷ್ಟಕ್ಕೇ ನಿಮ್ಮ ಅಪ್ಪ, "ಅಷ್ಟು ದೂರ ಹೋಗಿ ಬಂದು ಒಂದು ಮಾತು ಹೇಳಾಕ ಬರಂಗಿಲ್ಲಲ್ಲ ಈಕಿಗೆ" ಎಂದು ನಕ್ಕ. ಅವನು ಹೇಳಿದ್ದು ಸುಳ್ಳಲ್ಲ. ನಾಲ್ಕು ಜನ ಮುಖ ನೋಡುತ್ತಾ ಕುಳಿತರೆ ನನ್ನ ನಾಲಿಗೆ ಒಣಗುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಊರು ಬಿಡುವ ಮುಂಚೆ

ಇಂಗ್ಲೆಂಡ್ ನೋಡಬೇಕೆಂಬ ಆಸೆ ನನಗೆ ಇರಲಿಲ್ಲ. ತಂಬ್ರಹಳ್ಳಿಯ ಆಚೆಗಿನ ನಮ್ಮ ಊರ ಕಾಲುವೆಗೆ ನೀರು ಬಳಕೆದಾರರ ಸಂಘ ಎಂಬುದೊಂದು ಆಯಿತು. ಅದರ ಸಮಿತಿಯಲ್ಲಿ ಹೆಂಗಸರೂ ಇರಬೇಕೆಂದು ನಿಯಮ ಬಂತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೊಲ ನನ್ನ ಹೆಸರಿಗೆ ಆಗಿತ್ತು. ಮಾತಾಡದ ಹೆಂಗಸು ಎಂಬ ಹೆಸರು ಅದಕ್ಕೂ ಮೊದಲೇ ಇತ್ತು. ಸಮಿತಿಯ ಗಂಡಸರಿಗೆ ಇದಕ್ಕಿಂತ ಒಳ್ಳೆಯ ಹೆಂಗಸು ಎಲ್ಲಿ ಸಿಗಬೇಕು? ಸಭೆಗೆ ಹೋಗಿ ಮೂಲೆಯಲ್ಲಿ ಕೂಡುವುದು, ಚಹಾ ಕುಡಿಯುವುದು, ಎದ್ದು ಬರುವುದು. ಇಷ್ಟೇ ನನ್ನ ಕಾರುಬಾರು.

ಸಂಘದ ಅಧ್ಯಕ್ಷರು ಸಿದ್ದಲಿಂಗಪ್ಪನವರು. ಅವರು ನಿಮ್ಮ ಅಜ್ಜನ ದೊಡ್ಡಪ್ಪನ ಮಗ, ಅಂದರೆ ನನಗೆ ಭಾವ. ಅವರ ಹೊಲ ಕಾಲುವೆಯ ತಲೆಯಲ್ಲಿದೆ, ನಮ್ಮದು ಬಾಲದಲ್ಲಿ. ಇದು ಅರೆ ಖುಷ್ಕಿ ಕಾಲುವೆ. ಜೋಳ, ಶೇಂಗಾ, ಸೂರ್ಯಕಾಂತಿ ಬೆಳೆಯಲಿ ಎಂದು ಬಿಟ್ಟ ನೀರು. ಭಾವ ಅದರಲ್ಲಿ ಭತ್ತ ನಾಟಿ ಮಾಡುತ್ತಿದ್ದರು. ಅವರ ಗದ್ದೆಯಲ್ಲಿ ಕಪ್ಪೆ ಕೂಗುವಾಗ ನಮ್ಮ ಹೊಲದ ಕಾಲುವೆಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರು.

ಹೇಳುವುದಕ್ಕೇನು, ಭಾವನಿಗೆ ನೇರವಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮಗೆ ಗೊತ್ತಿಲ್ಲ. ನಾನು ಆ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದ ಗಂಡನ ಅಣ್ಣಂದಿರ ಜೊತೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳಲ್ಲ. ನಮ್ಮ ಮನೆಗಳಲ್ಲಿ ಅದೇ ರೂಢಿ. ಸೆರಗು ತಲೆಯ ಮೇಲಿರಬೇಕು, ಮಾತು ಬೇರೆ ಯಾರ ಮೂಲಕವಾದರೂ ಹೋಗಬೇಕು. ಊಟಕ್ಕೆ ಏಳಿ ಎನ್ನುವುದಾದರೆ ಮಗುವಿಗೆ ಹೇಳಬೇಕು. ಮಗು ಇಲ್ಲದಿದ್ದರೆ ಗೋಡೆಗೆ ಹೇಳಬೇಕು: "ರೊಟ್ಟಿ ಆರಾಕ ಹತ್ಯಾವು." ಅವರೂ ಕಂಬಕ್ಕೆ ಉತ್ತರ ಕೊಡುತ್ತಾರೆ: "ಬರ್ತೀನಂತ ಹೇಳು." ಹೀಗೆ ಗೋಡೆ ಕಂಬಗಳ ಸಹಾಯದಿಂದ ನಮ್ಮ ಸಂಸಾರ ನಡೆದಿದೆ. ರೊಟ್ಟಿಯ ಮಾತನ್ನು ಗೋಡೆಗೆ ಹೇಳಬಹುದು. ನೀರಿನ ಮಾತನ್ನು ಹೇಳಿದರೆ ಕಂಬ ಉತ್ತರ ಕೊಡುವುದಿಲ್ಲ.

ಅಷ್ಟರಲ್ಲಿ, ಬೇರೆ ದೇಶದವರು ಕಾಲುವೆ ಹೇಗೆ ಕಟ್ಟಿದರು, ಹೇಗೆ ಕಾಪಾಡಿಕೊಂಡರು ಎಂದು ಸಂಘದವರಿಗೆ ತೋರಿಸುವ ಯೋಜನೆ ಬಂತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದಲೂ ಗಂಡಸರನ್ನು ಆರಿಸಿದರು. ಹೆಂಗಸರು ಇಲ್ಲದಿದ್ದರೆ ಯೋಜನೆ ನಡೆಯುವುದಿಲ್ಲ ಎಂದದ್ದರಿಂದ ನನ್ನನ್ನೂ ಹಗರಿಬೊಮ್ಮನಹಳ್ಳಿಯ ರೇಣುಕಾಳನ್ನೂ ಸೇರಿಸಿದರು.

ಹೊರಡುವ ಹಿಂದಿನ ದಿನ ಬಾಲದ ಹೊಲದವರೆಲ್ಲ ನಮ್ಮ ಪಡಸಾಲೆಗೆ ಬಂದರು. ಬದುವಿನ ಆಚೆಯ ಹನುಮಂತಪ್ಪ ಹೇಳಿದ:

"ಅಕ್ಕಾ, ಇಲ್ಲಿ ಅಧ್ಯಕ್ಷರ ಹಿಂದ ಹೌದಪ್ಪಗಳ ದಂಡ ನಿಂತಿರತೈತಿ. ಅಲ್ಲಿ ಒಬ್ರ ಇರ್ತಾರ. ಒಂದು ಮಾತು ಕೇಳಿ ಬಾ. ಹಿಂಗಾರಿಗೆ ಮೊದಲ್ನೇ ಪಾಳಿ ಬಾಲದವ್ರಿಗೆ ಕೊಡ್ಲಿ. ಈ ವರ್ಷಾನೂ ನೀರು ಬರ್ಲಿಲ್ಲಂದ್ರ ನಾನು ಹೊಲ ಮಾರಿ ಕೊಟ್ಟೂರಾಗ ಪಾನ್ ಡಬ್ಬಿ ಹಾಕ್ತೀನಿ."

"ನಾ ಹೆಂಗ ಕೇಳ್ಲೋ, ಅವ್ರು ನನಗ ಭಾವ ಆಗಬೇಕು."

"ವಿಮಾನದಾಗೂ ಭಾವ ಏನಕ್ಕಾ?"

ವಿಮಾನದಲ್ಲೂ ಭಾವನೇ ಎಂಬುದು ಮರುದಿನವೇ ಗೊತ್ತಾಯಿತು.

ವಿಮಾನ

ವಿಮಾನದಲ್ಲಿ ನನ್ನ ಜಾಗ ಭಾವನ ಪಕ್ಕದಲ್ಲೇ ಬಂತು. ನಿಮ್ಮ ಅಜ್ಜ ಬದುಕಿದ್ದಾಗಲೂ ಇಷ್ಟು ಹತ್ತಿರ ಹಗಲು ಹೊತ್ತಿನಲ್ಲಿ ನಾನು ಯಾವ ಗಂಡಸಿನ ಪಕ್ಕ ಕುಳಿತವಳಲ್ಲ. ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ. ಆಗ ಸೊಂಟದ ಪಟ್ಟಿ ಕಟ್ಟಿಕೊಳ್ಳಿ ಎಂದರು. ಭಾವ ಗತ್ತಿನಿಂದ ಎರಡು ತುದಿ ಎತ್ತಿ ಟಕ್ ಎಂದು ಹಾಕಿಕೊಂಡರು. ಅದರಲ್ಲಿ ಒಂದು ತುದಿ ನನ್ನದು. ನನ್ನ ಮಡಿಲಲ್ಲಿ ಗಂಡಿಲ್ಲದ ಒಂದು ಕೊಕ್ಕೆ ಉಳಿಯಿತು. ನಮ್ಮಿಬ್ಬರ ಕುರ್ಚಿಗೂ ಗಂಟು ಬಿದ್ದಿತ್ತು.

ಏನು ಮಾಡಲಿ? ಕಿಟಕಿಗೆ ಹೇಳಿದೆ: "ಅದು ನನ್ನ ಪಟ್ಟಿ."

ಭಾವ ಎದುರಿನ ಕುರ್ಚಿಯ ಬೆನ್ನಿಗೆ ಕೇಳಿದರು: "ಯಾವ್ದಂತ?"

"ಎಡಗೈ ಕಡೀದು," ಎಂದು ಮೋಡಕ್ಕೆ ತಿಳಿಸಿದೆ.

ಅಷ್ಟರಲ್ಲಿ ಗಗನಸಖಿ ಬಂದು ನಗುತ್ತಾ ಎರಡನ್ನೂ ಬಿಡಿಸಿ, ಅವರವರದ್ದನ್ನು ಅವರವರಿಗೆ ಹಾಕಿ ಹೋದಳು. ಹಿಂದಿನ ಕುರ್ಚಿಯಿಂದ ರೇಣುಕಾ ನಕ್ಕದ್ದು ಇಡೀ ವಿಮಾನಕ್ಕೆ ಕೇಳಿಸಿತು. ಆಮೇಲೆ ಭಾವ ಹರಪನಹಳ್ಳಿಯವರ ಜೊತೆ ಜಾಗ ಬದಲಾಯಿಸಿಕೊಂಡರು. ಹನುಮಂತಪ್ಪ ಹೇಳಿದ ಮಾತು ಕೇಳಲು ಇದ್ದ ಮೊದಲ ಅವಕಾಶ ಪಟ್ಟಿ ಬಿಚ್ಚಿದಂತೆ ಬಿಚ್ಚಿಹೋಯಿತು.

ವಿಮಾನದ ಊಟವನ್ನು ಎಲ್ಲರೂ ಹೊಗಳುತ್ತಾರೆ. ಬೊಂಬೆ ಆಟದ ತಟ್ಟೆಯಲ್ಲಿ ತಣ್ಣಗಿನ ಹಸಿ ಸೊಪ್ಪು, ಒಂದು ಉಂಡೆ ಬ್ರೆಡ್ಡು. ನಮ್ಮ ಎಮ್ಮೆಯ ಮುಂದೆ ಇಟ್ಟಿದ್ದರೆ ಸೊಪ್ಪು ತಿಂದು ಬ್ರೆಡ್ಡು ಬಿಡುತ್ತಿತ್ತು.

ಹೋಟೆಲು

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಊರಿನಲ್ಲಿ. ಅದರ ಹೆಸರು ಹೇಳಲು ಹೋದರೆ ನನಗೆ ಸೀನು ಬಂದಂತಾಗುತ್ತದೆ. ಬಿಟ್ಟುಬಿಡಿ. ಅಲ್ಲಿನ ಸೂರ್ಯ ಸರಕಾರಿ ನೌಕರನಂತೆ. ಬಂದು ಮುಖ ತೋರಿಸಿ ಎಲ್ಲಿಗೋ ಹೋಗಿಬಿಡುತ್ತಾನೆ. ಜನ ಮಾತ್ರ "ಇವತ್ತು ಎಂಥ ಒಳ್ಳೆಯ ದಿನ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾಯಿಯನ್ನು ಕರೆದುಕೊಂಡು ಹೋಗುತ್ತಾರೆ. ಅದು ಹೇತದ್ದನ್ನು ಚೀಲದಲ್ಲಿ ತುಂಬಿ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಾರೆ. ಒಂದು ಕಾಲದಲ್ಲಿ ನಮ್ಮನ್ನೆಲ್ಲ ಆಳಿದವರು ಇವರೇ.

ನನಗೂ ರೇಣುಕಾಗೂ ಒಂದೇ ಕೋಣೆ. ರೇಣುಕಾಳ ಗಂಡ ಬ್ಯಾಂಕಿನಲ್ಲಿ ಗುಮಾಸ್ತ, ಆಕೆ ಬಿ.ಎ. ಓದಿದ್ದಾಳೆ, ಬಾಯಿ ಕತ್ತರಿ. ಅವಳ ತವರು ನಮ್ಮ ಊರೇ, ಅವಳ ತಂದೆಗೆ ಕಾಲುವೆಯ ನಡುಭಾಗದಲ್ಲಿ ಒಂದು ತುಂಡು ಹೊಲವಿದೆ. ಊರಿನಲ್ಲಿ ನಮ್ಮ ಓಣಿ ಬೇರೆ, ಅವರ ಓಣಿ ಬೇರೆ. ಅವರು ನಮ್ಮ ಕಟ್ಟೆಯ ಕೆಳಗೆ ನಿಂತು ಮಾತಾಡಿ ಹೋಗುವ ಪದ್ಧತಿ. ಇಲ್ಲಿ ಒಂದೇ ಹಾಸಿಗೆಯ ಮೇಲೆ ಕುಳಿತು, ನಾನು ತಂದ ಖಡಕ್ ರೊಟ್ಟಿಗೆ ಅವಳು ತಂದ ಶೇಂಗಾ ಪುಡಿ ಹಚ್ಚಿಕೊಂಡು ತಿಂದೆವು. ಅವಳ ಪುಡಿ ನನ್ನದಕ್ಕಿಂತ ಚೆನ್ನಾಗಿತ್ತು. ಇಷ್ಟು ವರ್ಷ ಆ ರುಚಿಯನ್ನು ಕಟ್ಟೆಯ ಕೆಳಗೆ ನಿಲ್ಲಿಸಿದ್ದೆವಲ್ಲ, ಎಂಥ ಶಾಣ್ಯಾರು ನಾವು!

ರೊಟ್ಟಿ ಗಂಟು ಕಟ್ಟಿದ್ದಕ್ಕೆ ಬೆಂಗಳೂರಿನಲ್ಲಿ ನಕ್ಕ ಗಂಡಸರೇ ಸಂಜೆ ಬಾಗಿಲು ಬಡಿದರು. ಮುಂದೆ ಹಡಗಲಿಯವರು, ಅವರ ಹಿಂದೆ ಉಳಿದವರು, ಎಲ್ಲರ ಹಿಂದೆ ಭಾವ.

"ಯವ್ವಾ, ಒಂದೀಟು ಪುಡಿ ಗಿಡಿ ಐತೇನು? ಆ ಆಲೂಗಡ್ಡಿ ತಿಂದು ತಿಂದು ನಾಲಿಗಿ ಸತ್ತೈತಿ."

ರೇಣುಕಾ ಬಾಗಿಲಿಗೆ ಅಡ್ಡ ನಿಂತಳು. "ಯಾಕ್ರೀ, ಮುಂಜಾನಿ ಬಿಳೀ ಮಂದಿ ಮುಂದ ವೆರಿ ನೈಸ್ ವೆರಿ ನೈಸ್ ಅಂತಿದ್ರಲ್ಲ?"

"ಅದು ದೇಶದ ಮರ್ಯಾದಿಗೆ ಅಂದಿದ್ದವಾ."

ಎಲ್ಲರಿಗೂ ರೊಟ್ಟಿ ಕೊಟ್ಟೆ. ಭಾವ ತಮ್ಮ ಪಾಲನ್ನು ಬಾಗಿಲ ಹಿಡಿಕೆಯ ಮೂಲಕ ಕೇಳಿದರು. ರೇಣುಕಾ ಮೆಲ್ಲಗೆ, "ಯಕ್ಕಾ, ಈಗ ಕೇಳು, ರೊಟ್ಟಿ ಕೈಯಾಗ ಹಿಡಕೊಂಡ ಕೇಳು" ಎಂದಳು. ಹಸಿದು ಬಂದವರ ಮುಂದೆ ನೀರಿನ ಲೆಕ್ಕ ತೆಗೆಯುವುದೇ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಹೋಯಿತು.

ಕಾಲುವೆಯ ದಂಡೆ

ಮರುದಿನ ಕಾಲುವೆ ನೋಡಲು ಹೋದೆವು. ನಮ್ಮ ಜೊತೆ ನೀರಾವರಿ ಕಚೇರಿಯಿಂದ ಬಂದಿದ್ದ ಎಂಜಿನಿಯರ ಸಾಹೇಬರೇ ನಮಗೆ ದುಭಾಷಿ. ಅವರು ಮಂಗನ ಟೋಪಿಯ ಮೇಲೆ ಇನ್ನೊಂದು ಟೋಪಿ ಹಾಕಿಕೊಂಡಿದ್ದರು.

ಮಕ್ಕಳೇ, ಆ ಕಾಲುವೆ ನೋಡಿ ನನಗೆ ಆದ ಬೇಸರ ಇಷ್ಟಿಷ್ಟಲ್ಲ. ನೀರು ತುಂಬಾ ಇದೆ, ಆದರೆ ಹರಿಯುವುದಿಲ್ಲ. ನಮ್ಮ ಊರ ಹೊಂಡದಂತೆ ಹಸಿರಾಗಿ ನಿಂತಿದೆ. ಎರಡೂ ಕಡೆ ಹುಲ್ಲು. ಹುಲ್ಲಿನ ಮೇಲೆ ಬೆಂಚು. ಬೆಂಚಿನ ಮೇಲೆ ಮುದುಕರು.

"ಹೊಲ ಎಲ್ಲೈತಿ?" ಎಂದು ರೇಣುಕಾಳನ್ನು ಕೇಳಿದೆ.

ಅವಳು ಕೇಳಿ ತಿಳಿದು ಬಂದಳು. "ಹೊಲ ಇಲ್ಲಂತ ಯಕ್ಕಾ. ಈ ಕಾಲುವಿ ಹೊಲಕ್ಕ ಹೋಗಂಗಿಲ್ಲ. ದೋಣಿ ಓಡಿಸಾಕ ತೋಡ್ಯಾರ. ಮೊದ್ಲು ಕಲ್ಲಿದ್ದಲು ಹೇರ್ತಿದ್ರಂತ, ಈಗ ಅದೂ ಇಲ್ಲ. ರಜಾ ಬಂದಾಗ ಮಂದಿ ದೋಣ್ಯಾಗ ಕುಂದ್ರತಾರ."

ಇಷ್ಟುದ್ದ ನೆಲ ಬಗೆದು, ಗುಡ್ಡ ಕೊರೆದು, ನೀರು ನಿಲ್ಲಿಸಿ, ಅದರ ಮೇಲೆ ಕುಳಿತು ಚಹಾ ಕುಡಿಯುತ್ತಾರೆ! ಒಂದು ಗೇಣು ಜೋಳ ಬೆಳೆಯದ ಕಾಲುವೆಗೆ ಬಣ್ಣದ ಹಲಗೆ, ಹೂವಿನ ಕುಂಡ, ಕಾಯಲು ಒಂದು ಸಂಘ ಬೇರೆ. ನಮ್ಮ ಗಂಡಸರು ದಂಡೆಯ ಮೇಲೆ ಸಾಲಾಗಿ ನಿಂತರು. ಅವರ ಕಣ್ಣು ದೋಣಿಯ ಮೇಲಿರಲಿಲ್ಲ. ನಾನು ನೋಡುತ್ತಿದ್ದೆ, ಒಬ್ಬೊಬ್ಬರೂ ನೀರಿನ ಆಳ ಅಳೆದು, ಆಚೆಯ ದಿಬ್ಬ ನೋಡಿ, ಪಂಪ್‌ಸೆಟ್ಟು ಎಲ್ಲಿ ಇಡಬಹುದೆಂದು ಲೆಕ್ಕ ಹಾಕುತ್ತಿದ್ದರು.

"ಇಲ್ಲಿ ಒಂದು ಮೋಟ್ರು ಕುಂದ್ರಿಸಿದ್ರ ಆ ದಿಬ್ಬ ಪೂರಾ ಕಬ್ಬು ಹಚ್ಚಬೋದು ನೋಡ್ರಿ," ಎಂದರು ಭಾವ.

"ಕರೆಂಟು?" ಎಂದರು ಕೂಡ್ಲಿಗಿಯವರು.

"ಆ ಕಂಬದಾಗ ಕೊಂಡಿ ಹಾಕಿದ್ರಾತು."

ನಮ್ಮವರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಕೊಂಡಿ ಹಾಕುವ ಕಂಬ ಮೊದಲು ಕಾಣುತ್ತದೆ.

ಅಲ್ಲಿ ನೀರು ಏರುವ ಮೆಟ್ಟಿಲು ನೋಡಿದೆವು. ಕಾಲುವೆ ಗುಡ್ಡ ಹತ್ತಬೇಕಾದ ಕಡೆ ಹಿಂದೊಂದು ಮುಂದೊಂದು ದೊಡ್ಡ ಬಾಗಿಲು ಇಟ್ಟು ನಡುವೆ ತೊಟ್ಟಿ ಮಾಡಿದ್ದಾರೆ. ದೋಣಿ ತೊಟ್ಟಿಗೆ ಬಂದರೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರು ಏರುತ್ತದೆ, ದೋಣಿಯೂ ಏರುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತಾರೆ. ಬುದ್ಧಿವಂತಿಕೆಯ ಕೆಲಸ, ಇಲ್ಲ ಎನ್ನುವುದಿಲ್ಲ. ಆದರೆ ಅಷ್ಟಕ್ಕೆ ಹಿಡಿದ ಹೊತ್ತಿನಲ್ಲಿ ನಮ್ಮ ಮೈಲಾರದ ಭಕ್ತರು ಆ ದೋಣಿಯನ್ನು ಹೆಗಲ ಮೇಲೆ ಹೊತ್ತು ಗುಡ್ಡ ದಾಟಿಸುತ್ತಿದ್ದರು.

ಕಾಲುವೆಯ ವಸ್ತು ಸಂಗ್ರಹಾಲಯ

ಹಳೆಯ ಗೋದಾಮೊಂದನ್ನು ಗುಡಿಸಿ ಸಾರಿಸಿ, ಅದಕ್ಕೆ ಕಾಲುವೆಯ ವಸ್ತು ಸಂಗ್ರಹಾಲಯ ಎಂದು ಹೆಸರಿಟ್ಟಿದ್ದಾರೆ. ನಮ್ಮನ್ನು ಕಳಿಸಿದ್ದೇ ಇದಕ್ಕೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮೊಂಡು ಸಲಿಕೆ, ಮುರಿದ ಗುದ್ದಲಿ, ತೂತು ಬಿದ್ದ ಬಕೆಟ್ಟು, ಒಂಟಿ ಗಾಲಿಯ ಗಾಡಿ. ಒಂದೊಂದಕ್ಕೂ ದೀಪ, ಒಂದೊಂದಕ್ಕೂ ಚೀಟಿ. ನಮ್ಮ ಹಿತ್ತಲಿನ ತಿಪ್ಪೆಯ ಪಕ್ಕದ ಗುಡಿಸಲನ್ನು ಇವರು ನೋಡಿದರೆ ಇನ್ನೊಂದು ಮ್ಯೂಸಿಯಂ ಕಟ್ಟಿ ಟಿಕೆಟ್ಟು ಹಚ್ಚುತ್ತಾರೆ.

ಅಲ್ಲಿ ನಮಗೆ ಎಲ್ಲವನ್ನೂ ತೋರಿಸಿದವಳು ಜೂಡಿ ಎಂಬ ಮುದುಕಿ. ನನಗಿಂತ ದೊಡ್ಡವಳು, ತಲೆ ಹತ್ತಿಯಂತೆ ಬಿಳುಪು, ಕಾಲಿಗೆ ಗಂಡಸರ ಬೂಟು. ಸಂಬಳವಿಲ್ಲದೆ ಕಾಲುವೆಯ ಬಗ್ಗೆ ಮಾತಾಡಲು ಬರುತ್ತಾಳಂತೆ. ಮನೆಯಲ್ಲಿ ಕೇಳುವವರು ಯಾರೂ ಇರಲಿಕ್ಕಿಲ್ಲ ಎಂದುಕೊಂಡೆ.

ಮೊದಲ ಕಾರ್ಯಕ್ರಮ ಮಣ್ಣು ತುಳಿಯುವುದು. ಕಾಲುವೆಯ ತಳದಿಂದ ನೀರು ಇಂಗಿ ಹೋಗದಂತೆ ಹಿಂದಿನವರು ಜೇಡಿಮಣ್ಣನ್ನು ನೀರು ಹಾಕಿ ತುಳಿದು ಹದ ಮಾಡಿ ಮೆತ್ತುತ್ತಿದ್ದರಂತೆ. ಬಂದವರು ಅದನ್ನು ಕಾಲಾರೆ ಅನುಭವಿಸಲಿ ಎಂದು ಒಂದು ಕಟ್ಟಿಗೆ ತೊಟ್ಟಿಯಲ್ಲಿ ಮಣ್ಣು ಕಲಸಿಟ್ಟಿದ್ದರು. ಬಿಳಿಯ ಮಂದಿ ಚಪ್ಪಾಳೆ ತಟ್ಟುತ್ತಾ, ಕಿರುಚುತ್ತಾ ಇಳಿದರು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ತುಳಿದು ಸೊಂಟ ಮುರಿದುಕೊಂಡ ನಮಗೆ ಇದನ್ನು ಆಟ ಎಂದು ತೋರಿಸಲು ವಿಮಾನದಲ್ಲಿ ಕರೆಸಿದ್ದಾರೆ! ನಾನು ಇಳಿಯಲಿಲ್ಲ. ಎಂಜಿನಿಯರ ಸಾಹೇಬರು ಪ್ಯಾಂಟು ಮಡಚಿ ಇಳಿದು, ಫೋಟೋ ತೆಗೆಸಿಕೊಂಡು, ಜಾರಿ ಕುಳಿತರು. ಎದ್ದಾಗ ಹಿಂದಿನಿಂದ ನೋಡಿದರೆ ಹೊಸದಾಗಿ ಸಾರಿಸಿದ ಗೋಡೆಯಂತಿದ್ದರು.

ಎರಡನೆಯದು ಒಂದು ಸಣ್ಣ ನಾಟಕ. ಹಳೆಯ ಕಾಲದ ಬಟ್ಟೆ ಹಾಕಿದ ಇಬ್ಬರು ದೋಣಿಕಾರರು ತೊಟ್ಟಿಯ ಬಾಗಿಲಲ್ಲಿ ಎದುರಾಗುತ್ತಾರೆ. ಒಬ್ಬ ಮೇಲಿನಿಂದ ಇಳಿಯುವವನು, ಒಬ್ಬ ಕೆಳಗಿನಿಂದ ಏರುವವನು. ತೊಟ್ಟಿ ಒಂದೇ. ಮೊದಲು ನಾನು, ಮೊದಲು ನಾನು ಎಂದು ಶುರುವಾಗಿ ಟೋಪಿ ಹಾರಿತು, ಕೊರಳಪಟ್ಟಿಗೆ ಕೈ ಹೋಯಿತು, ಹುಟ್ಟು ಎತ್ತಿದರು. ಅಲ್ಲಿಯವರೆಗೆ ಆಕಳಿಸುತ್ತಿದ್ದ ನಮ್ಮ ಗಂಡಸರು ಕುರ್ಚಿಯ ತುದಿಗೆ ಬಂದರು. ಯಾರಿಗೂ ದುಭಾಷಿ ಬೇಕಾಗಲಿಲ್ಲ.

"ಹಾಕಲೇ ಅವನಿಗೆ! ಮ್ಯಾಲಿನವಂದ ತಪ್ಪು!" ಎಂದು ಹಡಗಲಿಯವರು ಕೂಗಿದರು.

"ಮ್ಯಾಲಿನವನ್ಯಾಕ, ಕೆಳಗಿನವನ ಸೊಕ್ಕು ನೋಡ್ರಿ," ಎಂದರು ಭಾವ.

ಕೊನೆಗೆ ಬಾಗಿಲು ಕಾಯುವವನ ವೇಷದಲ್ಲಿ ಜೂಡಿಯೇ ಬಂದು ಇಬ್ಬರ ಕಿವಿ ಹಿಂಡಿ ಬಿಡಿಸಿದಳು. ನೀರು ಕಡಿಮೆ ಇದ್ದಾಗ ಒಂದು ದೋಣಿ ಇಳಿದ ಮೇಲೆ ಅದೇ ತೊಟ್ಟಿಗೆ ಒಂದು ದೋಣಿ ಏರಬೇಕು, ಹಾಗೆ ಪಾಳಿ ತಪ್ಪದೆ ನಡೆಸಿದರೆ ನೀರು ಉಳಿಯುತ್ತದೆ, ಇದೇ ಅಂದಿನ ಕಟ್ಟಳೆ ಎಂದು ಹೇಳಿದಳು.

ಜೂಡಿಯ ಪ್ರಶ್ನೆ

ಆಮೇಲೆ ನಮ್ಮನ್ನು ಸುತ್ತ ಕೂರಿಸಿ ಜೂಡಿ ಕೇಳಿದಳು. ಎಂಜಿನಿಯರ ಸಾಹೇಬರು ಕನ್ನಡಕ್ಕೆ ತಂದರು: "ನಿಮ್ಮ ಕಡೆ ಕಾಲುವೆ ನೀರಿಗಾಗಿ ಜಗಳ ಆಗುತ್ತಾ ಅಂತ ಕೇಳ್ತಿದಾರೆ."

ಭಾವ ಎದ್ದು ನಿಂತು ಶಾಲು ಸರಿಮಾಡಿಕೊಂಡರು.

"ಛೇ ಛೇ! ನಮ್ಮಲ್ಲಿ ಅಂಥಾದ್ದೇನೂ ಇಲ್ರಿ. ಎಲ್ಲಾರೂ ಅಣ್ತಮ್ಮರಂಗ ಅದೀವಿ. ಕಟ್ಟಕಡೀ ಹೊಲದ ಬದುವಿನ ತನಕ ನೀರು ಮುಟ್ಟತೈತಿ. ನಾನ ನಿಂತು ಮುಟ್ಟಸ್ತೀನಿ."

ಜೂಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಂದವರ ಒಳ್ಳೆಯ ಮಾತುಗಳನ್ನು ಬರೆದು ಹಚ್ಚುವ ಒಂದು ಹಲಗೆ ಅಲ್ಲಿತ್ತು. ಈ ಮಾತನ್ನು ಅದರ ನಡುವೆ ಹಚ್ಚುತ್ತೇನೆ ಎಂದಳು. ನನ್ನ ಮೈಯೆಲ್ಲ ಉರಿಯಿತು. ಊರಲ್ಲಿ ನೀರು ಕದ್ದದ್ದು ಸಾಲದೆಂದು ಆ ಸುಳ್ಳು ಇಂಗ್ಲೆಂಡಿನ ಗೋಡೆಯ ಮೇಲೆ ಕೂತುಬಿಡುತ್ತದೆ.

ನನ್ನ ಮುಖದಲ್ಲಿ ಏನು ಕಂಡಳೋ, ಜೂಡಿ ನನ್ನ ಹತ್ತಿರ ಬಂದು ಮೊಣಕಾಲೂರಿ ಕುಳಿತು, ನಿಮ್ಮ ಹೊಲ ಎಲ್ಲಿದೆ ಎಂದು ಕೇಳಿದಳು.

ಆಗ ನನಗೆ ಹೊಳೆಯಿತು. ಇವಳು ನನಗೆ ಭಾವ ಅಲ್ಲ, ಮಾವ ಅಲ್ಲ. ಇವಳಿಗೆ ಏನು ಬೇಕಾದರೂ ಹೇಳಬಹುದು. ಪಕ್ಕದಲ್ಲಿದ್ದವರಿಗೆ ಕೇಳಿಸಿದರೆ ಅದು ನನ್ನ ತಪ್ಪಲ್ಲ. ಇಷ್ಟು ವರ್ಷ ಗೋಡೆಗೆ ಹೇಳಿದವಳಿಗೆ ಈ ಗೋಡೆ ಹೆಚ್ಚೇನೂ ಬೇರೆಯಾಗಿ ಕಾಣಲಿಲ್ಲ. ತಲೆಯಾಡಿಸುವುದೊಂದು ಹೆಚ್ಚು.

"ನಮ್ಮದು ಬಾಲದಾಗೈತಿ ತಾಯಿ," ಎಂದೆ. "ತಲಿಯಾಗ ಇರೋರು ಭತ್ತ ನಾಟಿ ಮಾಡ್ತಾರ. ತೂಬಿಗೆ ಗೋಣಿಚೀಲ ತುರುಕಿ ನೀರು ತಮ್ಮ ಕಡೀ ತಿರುಗಿಸ್ಕೋತಾರ. ನಮ್ಮ ಕಡೀ ಬರೋದು ಬರೇ ಕಾಲುವಿ, ನೀರು ಬರಂಗಿಲ್ಲ."

ಎಂಜಿನಿಯರ ಸಾಹೇಬರು ಟೋಪಿ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಜೂಡಿ ನಕ್ಕಳು.

ರೇಣುಕಾ ಎದ್ದಳು. "ಸಾಹೇಬ್ರ, ಅಕ್ಕ ಮಾರುದ್ದ ಹೇಳಿದ್ರ ನೀವು ಗೇಣುದ್ದ ಹೇಳಿದ್ರಿ. ಅದೂ 'ಆಕೆ ಬಹಳ ಖುಷಿಯಾಗಿದ್ದಾಳೆ' ಅಂತ. ಯಾವ ಕಾಲೇಜ್ನಾಗ ಕಲಿಸ್ಯಾರ ಇದನ್ನ?"

"ನೀವು ಸುಮ್ನಿರಿ ಮೇಡಂ, ದೇಶದ ಪ್ರಶ್ನೆ."

"ದೇಶಕ್ಕ ನಾ ಉತ್ತರ ಕೊಡ್ತೀನಿ, ನೀವು ಹಿಂದಿನ ಮಣ್ಣು ಒರಸ್ಕೋರಿ."

ಆಮೇಲೆ ರೇಣುಕಾ ನನ್ನ ಮಾತನ್ನು ಒಂದೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಗೋಣಿಚೀಲಕ್ಕೆ ಮಾತ್ರ ಕೈಯಿಂದ ತುರುಕಿ ತೋರಿಸಿದಳು. ಜೂಡಿಯ ನಗು ಇಳಿಯಿತು.

ಭಾವನ ಮುಖ ಕೆಂಪಾಗಿತ್ತು. ಆದರೆ ಅವರೂ ಅದೇ ಮನೆಯಲ್ಲಿ ಬೆಳೆದವರು. ನನ್ನನ್ನು ನೋಡಲಿಲ್ಲ. ಜೂಡಿಯ ಕಡೆ ತಿರುಗಿ ಹೇಳಿದರು: "ಅವ್ರಿಗೆ ಹೇಳ್ರಿ, ಮನೀ ವಿಷಯ ಪರದೇಶದಾಗ ತಗೀಬಾರ್ದಂತ."

ನಾನೂ ಜೂಡಿಗೇ ಹೇಳಿದೆ: "ಊರಾಗ ತಗದ್ರ ಕೇಳೋರಿಲ್ಲಂತ ಹೇಳು ತಾಯಿ."

"ನೀರು ತಾನ ತಗ್ಗಿಗೆ ಹರೀತೈತಿ, ಅದಕ್ಕ ನಾನೇನು ಮಾಡ್ಲಿ ಅಂತ ಹೇಳ್ರಿ."

"ತಗ್ಗು ನಮ್ಮ ಕಡೀ ಐತಿ. ಅವ್ರ ಹೊಲ ದಿಬ್ಬದ ಮ್ಯಾಲೈತಿ. ನೀರು ದಿಬ್ಬ ಹತ್ತಿ ಹೆಂಗ ಹೋತು ಅಂತ ಕೇಳು. ಅಲ್ಲಿ ಇವ್ರದೇನು ದೋಣಿ ಐತಾ?"

ಹರಪನಹಳ್ಳಿಯವರು ತಡೆಯಲಾರದೆ ನಕ್ಕುಬಿಟ್ಟರು. ಜೂಡಿ ಪಾಪ, ನಾವಿಬ್ಬರೂ ತನ್ನ ಮೇಲೆಯೇ ಸಿಟ್ಟಾಗಿದ್ದೇವೆಂದುಕೊಂಡು ಒಮ್ಮೆ ನನ್ನ ಕಡೆ, ಒಮ್ಮೆ ಭಾವನ ಕಡೆ ಸಾರಿ ಸಾರಿ ಎನ್ನುತ್ತಿದ್ದಳು. ರೇಣುಕಾ ಅವಳ ಕಿವಿಯಲ್ಲಿ ವಿಷಯ ಹೇಳಿದ ಮೇಲೆ ನೆಟ್ಟಗೆ ಕುಳಿತಳು. ನಾಟಕದಲ್ಲಿ ಕಿವಿ ಹಿಂಡಿದಳಲ್ಲ, ಅದೇ ದನಿಯಲ್ಲಿ ಭಾವನನ್ನು ಕೇಳಿದಳು: ಹಾಗಾದರೆ ಕೆಳಗಿನವರ ಪಾಳಿ ಯಾವಾಗ?

ಸುತ್ತ ಬಿಳಿಯ ಮಂದಿಯೂ ನಿಂತಿದ್ದರು. ಹಲಗೆಯ ಮೇಲೆ ಹಚ್ಚುವ ಚೀಟಿ ಜೂಡಿಯ ಕೈಯಲ್ಲೇ ಇತ್ತು. ಭಾವ ಅತ್ತಿತ್ತ ನೋಡಿದರು. ಹೌದಪ್ಪಗಳು ಒಬ್ಬರೂ ಇರಲಿಲ್ಲ.

"ಬರೋ ಹಿಂಗಾರಿಗೆ ಮೊದಲ್ನೇ ಪಾಳಿ ಬಾಲದವ್ರಿಗ," ಎಂದರು. "ನನ್ನ ಮಾತು ಅಂತ ಹೇಳ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಜೂಡಿ ನನ್ನನ್ನು ತಬ್ಬಿಕೊಂಡಳು. ಅವಳಿಂದ ಜೇಡಿಮಣ್ಣಿನ ವಾಸನೆ ಬರುತ್ತಿತ್ತು. ಆಮೇಲೆ ಹಾಲು ಹಾಕಿದ ತಣ್ಣನೆಯ ಚಹಾ ಕೊಟ್ಟರು. ನಾನು ಅದನ್ನೂ ಕುಡಿದೆ.

ಮತ್ತೆ ಊರು

ಊರಿಗೆ ಬಂದು ಸುದ್ದಿ ಹೇಳಿದಾಗ ಬಾಲದವರು ಕುಣಿದಾಡಿದರು. ಹನುಮಂತಪ್ಪ ಜೋಳದ ಬೀಜವನ್ನೂ ತಂದಿಟ್ಟ. ಹಿಂಗಾರು ಶುರುವಾಯಿತು, ಕಾಲುವೆಗೆ ನೀರು ಬಿಟ್ಟರು. ನೀರು ಭಾವನ ಹೊಲಕ್ಕೆ ಬಂತು. ಅಲ್ಲೇ ಉಳಿಯಿತು. ಗೋಣಿಚೀಲ ಮಾತ್ರ ಹೊಸದು.

ಸಂಘದ ಸಭೆ ಸೇರಿತು. ಭಾವ ಕೋಟು ಹಾಕಿಕೊಂಡು ಬಂದು ಇಂಗ್ಲೆಂಡಿನ ಕಾಲುವೆಯ ಬಗ್ಗೆ ಬಹಳ ಹೊತ್ತು ಭಾಷಣ ಮಾಡಿದರು. ಅಲ್ಲಿ ಪಾಳಿ ಎಂದರೆ ಪಾಳಿ, ಶಿಸ್ತು ಎಂದರೆ ಶಿಸ್ತು, ನಮ್ಮ ಜನ ಕಲಿಯಬೇಕು ಎಂದರು. ಹಿಂದೆ ಕುಳಿತವರು ತಲೆಯಾಡಿಸಿದರು. ಹನುಮಂತಪ್ಪ ಬಾಗಿಲಲ್ಲಿ ನಿಂತು ಕೇಳಿದ: "ಅಲ್ಲಿ ಮಾತು ಕೊಟ್ಟು ಬಂದೀರಂತಲ್ರಿ ಗೌಡ್ರ, ಬಾಲದವ್ರಿಗೆ?"

ಭಾವ ನಕ್ಕರು. "ಅದು ಆ ಬಿಳೀ ಮುದುಕಿಗೆ ಕೊಟ್ಟ ಮಾತಪ್ಪ. ಆಕಿ ಬಂದು ಕೇಳ್ಲಿ, ಕೊಡ್ತೀನಿ."

ಸಭೆಗೆ ಸಭೆಯೇ ನಕ್ಕಿತು. ಹನುಮಂತಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏಳುತ್ತಿರಲಿಲ್ಲವೇನೋ. ಅವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಳ್ಳಲು ಹೋದ. ಅದು ನನಗೆ ತಡೆಯಲಾಗಲಿಲ್ಲ. ನಾನು ಎದ್ದೆ.

ಭಾವ ಪಕ್ಕದಲ್ಲಿ ಕುಳಿತ ಕಾರ್ಯದರ್ಶಿಗೆ ಹೇಳಿದರು: "ಅವ್ರಿಗೆ ಕೂಡ್ರಾಕ ಹೇಳು."

"ಅವ್ನಿಗ್ಯಾಕ ಹೇಳ್ತೀರಿ ಭಾವ," ಎಂದೆ. "ನಾ ಇಲ್ಲೇ ಅದೀನಿ. ನನಗ ಹೇಳ್ರಿ."

ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಭಾವ ಕಾರ್ಯದರ್ಶಿಯನ್ನು ನೋಡಿದರು. ಅವನು ತನ್ನ ಉಗುರು ನೋಡುತ್ತಿದ್ದ. ಮೇಲೆ ಫ್ಯಾನು ನೋಡಿದರು. ಎಲ್ಲಿಯೂ ಉತ್ತರ ಸಿಗದೆ ಕೊನೆಗೆ ನನ್ನ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ಅದೇ ಮೊದಲು. 

ಅವರ ಕಣ್ಣು ಕಂದು ಬಣ್ಣದ್ದೆಂದು ನನಗೆ ಅವತ್ತು ಗೊತ್ತಾಯಿತು.

"ಆ ಮುದುಕಿ ಬರಂಗಿಲ್ಲ. ನಾ ಬಂದೀನಿ. ಬಾಲದ ಪಾಳಿ ಯಾವಾಗ?"

"ಸೋಮವಾರ," ಎಂದರು. ನನಗೇ ಹೇಳಿದರು.

ಸೋಮವಾರ ನೀರು ಬರಲಿಲ್ಲ. ಮಂಗಳವಾರ ಮುಂಜಾನೆ ಅವರ ಮನೆಗೆ ಹೋಗಿ, ಪಡಸಾಲೆಯಲ್ಲಿ ಅವರ ಎದುರಿನ ಕುರ್ಚಿಯ ಮೇಲೆ ಕುಳಿತೆ. "ಭಾವ, ನಿನ್ನೆ ಸೋಮವಾರ ಇತ್ತು" ಎಂದೆ. ಅಡುಗೆಮನೆಯಿಂದ ಸೊಸೆಯಂದಿರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಭಾವ ಚಹಾದ ಬಸಿ ಕೆಳಗಿಟ್ಟು, ಚಪ್ಪಲಿ ಹುಡುಕಿದರು.

ಬುಧವಾರ ಮಧ್ಯಾಹ್ನ ನೀರು ಬಂತು. ಕಸಕಡ್ಡಿ, ಪ್ಲಾಸ್ಟಿಕ್ ಚೀಲ, ಯಾರದೋ ಹರಿದ ಚಪ್ಪಲಿ ಎಲ್ಲವನ್ನೂ ತಳ್ಳಿಕೊಂಡು, ಪಾದ ಮುಳುಗುವಷ್ಟು ಬಂತು. ಹನುಮಂತಪ್ಪ ಕಾಲುವೆಗೆ ಇಳಿದು ನಿಂತು ಅದನ್ನು ನೋಡಿದ.

"ಇಷ್ಟ ನೀರಿಗೆ ಇಂಗ್ಲೆಂಡಿಗೆ ಹೋಗಬೇಕಾತಲ್ಲಕ್ಕಾ," ಎಂದ.

"ಇಂಗ್ಲೆಂಡಿಗೆ ಹೋದದ್ದಕ್ಕ ಬರ್ಲಿಲ್ಲಪ್ಪ," ಎಂದೆ. "ಅವ್ರ ಮನೀ ತನಕ ಹೋದದ್ದಕ್ಕ ಬಂತು. ಸಲಿಕಿ ತಗೋ, ನಿಂತಗೊಂಡು ನೋಡಬ್ಯಾಡ."